ಇಪ್ಪತ್ತು ಹೆಜ್ಜೆ ಹಿಂದೆ ಬರುತ್ತಿದ್ದ ದೀದಿ

ಎಡಗಾಲಿನ ಚಪ್ಪಲಿಯೇ ಇರಬೇಕು, ಅಥವಾ ಬಲಗಾಲಿನದೋ, ಈಗ ಖಚಿತವಾಗಿ ಹೇಳಲಾರೆ. ಪಟ್ಟಿ ಕಿತ್ತು ಬರದಿರಲೆಂದು ಅಡಿಯಲ್ಲಿ ಒಂದು ಸೇಫ್ಟಿ ಪಿನ್ ಚುಚ್ಚಿದ್ದರು. ನೀಲಿ ಪಟ್ಟಿಯ ಹವಾಯಿ ಚಪ್ಪಲಿ. ಸಿಮೆಂಟು ನೆಲದ ಮೇಲೆ ನಡೆದರೆ ಒಂದು ಹೆಜ್ಜೆಗೆ ಟಿಕ್, ಇನ್ನೊಂದಕ್ಕೆ ಏನೂ ಇಲ್ಲ. ನನ್ನ ನೆನಪಿಗೆ ದೀದಿ ಬರುವುದು ಹಾಗೆ, ಮೊದಲು ಆ ಸದ್ದು, ಆಮೇಲೆ ಮುಖ. ಮುಖದ ಬಗ್ಗೆ ಅನುಮಾನವಿದೆ. ಒಂದು ಫೋಟೊ ನಮ್ಮಲ್ಲಿದೆ. ಅದನ್ನು ಎಷ್ಟು ಸಲ ನೋಡಿದ್ದೇನೆಂದರೆ, ನನಗೆ ನೆನಪಿರುವುದು ಅವರ ಮುಖವೋ ಫೋಟೊವೋ ತಿಳಿಯದಾಗಿದೆ. ಸದ್ದಿಗೆ ಫೋಟೊ ಇಲ್ಲ. ಅದಕ್ಕೇ ಅದನ್ನು ಸ್ವಲ್ಪ ಹೆಚ್ಚು ನಂಬುತ್ತೇನೆ.

ನನ್ನ ಅಕ್ಕನಿಗೆ ಆಗ ಮೂವತ್ತನಾಲ್ಕು ವರ್ಷ. ಅವಳಿಗೆ ಓದಲು ಬರುವುದಿಲ್ಲ, ಗಡಿಯಾರ ನೋಡಲು ಬರುವುದಿಲ್ಲ. ಮೂರು ಶಬ್ದಕ್ಕಿಂತ ಉದ್ದದ ಮಾತು ಆಡುವುದು ಅಪರೂಪ. ಆಡಿದರೂ ಒಂದು ಶಬ್ದ ಧಾರವಾಡದ್ದು, ಎರಡು ಬಂಗಾಳಿ. ಅಪ್ಪ ಹುಬ್ಬಳ್ಳಿಯಿಂದ ವರ್ಗವಾಗಿ ಸಿಯಾಲ್ದಾದ ರೈಲ್ವೆ ಕಚೇರಿಗೆ ಬಂದವನು, ನಿವೃತ್ತಿಯಾದ ಮೇಲೂ ಇಲ್ಲಿಯೇ ಉಳಿದ. ಉಳಿಯಲು ಒಂದೇ ಕಾರಣ, ಸಾಲ್ಟ್ ಲೇಕಿನಲ್ಲಿ ಅಕ್ಕ ಹೋಗುತ್ತಿದ್ದ ಕೇಂದ್ರ. ಅವಳಂಥ ಇಪ್ಪತ್ತು ಮೂವತ್ತು ಜನ ಅಲ್ಲಿ ಹಗಲೆಲ್ಲ ಕೂತು ಕಾಗದದ ಚೀಲ ಅಂಟಿಸುತ್ತಾರೆ, ಬಟ್ಟೆಗೆ ಅಚ್ಚು ಒತ್ತುತ್ತಾರೆ, ಜಗಳವಾಡುತ್ತಾರೆ. ಹದಿನೆಂಟು ವರ್ಷ ಅವ್ವ ಅವಳನ್ನು ಶೇರ್ ಆಟೋದಲ್ಲಿ ಕರೆದುಕೊಂಡು ಹೋಗಿ ಕರೆತಂದಳು. ಆಮೇಲೆ ಅವ್ವನ ಮೊಣಕಾಲು ಹೋಯಿತು. ಬೆಳಿಗ್ಗೆ ಅಪ್ಪ ಬಿಟ್ಟು ಬರುತ್ತಿದ್ದ, ಆದರೆ ಎರಡು ಹೊತ್ತು ಓಡಾಡುವುದು ಅವನಿಗೂ ಆಗುತ್ತಿರಲಿಲ್ಲ. ನನ್ನ ಕೆಲಸ ಹೌರಾದ ಆಚೆ, ಸಂಜೆ ಏಳಕ್ಕೆ ಮೊದಲು ಮುಗಿಯುತ್ತಿರಲಿಲ್ಲ.

ಬೆಳಗಾವಿಯ ಹತ್ತಿರ ಇಂಥವರನ್ನು ಇಟ್ಟುಕೊಳ್ಳುವ ಒಂದು ವಸತಿಗೃಹವಿದೆ. ಅಪ್ಪ ಅಲ್ಲಿಯ ಅರ್ಜಿ ತರಿಸಿದ. ಊಟದ ಮೇಜಿನ ಮೇಲೆ ಇಟ್ಟು ಹೇಳಿದ್ದು ಇಷ್ಟು: "ದುರ್ಗಾ ಪೂಜಾ ಮುಗಿಯೂದ್ರಾಗ ಆಕಿ ಒಬ್ಬಾಕೀನ ಮನಿಗೆ ಬಂದ್ರ ಇಲ್ಲೇ ಇರ್ಲಿ. ಇಲ್ಲಾಂದ್ರ ಕರ್ಕೊಂಡ್ ಹೋಗಿ ಬಿಟ್ಟು ಬರ್ತೀನಿ. ನಾವ್ ಹೋದ ಮ್ಯಾಲೆ ಯಾರ್ ಅದಾರ ಆಕೀಗೆ?"

ನಾನು ಎದುರಿಗೇ ಕೂತಿದ್ದೆ. ನಾನಿದ್ದೇನೆ ಎಂದು ಹೇಳಲಿಲ್ಲ. ಇದು ಮಾತ್ರ ಸರಿಯಾಗಿ ನೆನಪಿದೆ.

ಆಗ ಕೇಂದ್ರದವರು ದೀದಿಯನ್ನು ಕಳಿಸಿದರು. ಮನೆಗಳಿಗೆ ಹೋಗಿ, ಬೀದಿಯಲ್ಲಿ ನಡೆದು ಕಲಿಸುವುದು ಅವರ ಕೆಲಸ. ಐವತ್ತು ದಾಟಿದವರು, ದಕ್ಷಿಣೇಶ್ವರದ ಕಡೆಯವರು, ಒಬ್ಬರೇ ಇದ್ದರು. ಮೊದಲ ದಿನ ಬಂದವರು ಅವ್ವ ಮಾಡಿದ ಗಿರ್ಮಿಟ್ ತಿಂದು, ಸಾಸಿವೆ ಎಣ್ಣೆ ಹಾಕದೆ ಮುರಿಯನ್ನು ಹಾಳು ಮಾಡಿದಿರಿ ಮಾಸಿಮಾ ಅಂದರು. ನಾವು ಚುರುಮುರಿ ಅನ್ನುವುದಕ್ಕೆ ಇಲ್ಲಿಯವರು ಮುರಿ ಅನ್ನುತ್ತಾರೆ. ಆ ಎಣ್ಣೆ ನಮ್ಮ ಊರಾಗ ಎತ್ತಿನ ಕೊಂಬಿಗೂ ಹಚ್ಚೂದಿಲ್ಲ ಅಂತ ಹೇಳು ಆಕೀಗೆ, ಎಂದು ಅವ್ವ ನನಗೆ ಕನ್ನಡದಲ್ಲಿ ಹೇಳಿದಳು. ನಾನು ಹೇಳಲಿಲ್ಲ, ಆದರೆ ದೀದಿಗೆ ಹೇಗೋ ತಿಳಿಯಿತು, ನಕ್ಕರು. ಮುಂದೆ ಮೂರು ತಿಂಗಳು ಇಬ್ಬರೂ ಆ ಜಗಳವನ್ನು ಬಿಡದೆ ನಡೆಸಿದರು.

ಮನೆಯಿಂದ ಕೇಂದ್ರಕ್ಕೆ ಹೋಗುವ ದಾರಿಯನ್ನು ಮೊದಲು ಕಲಿಸುತ್ತಾರೆ ಅಂದುಕೊಂಡಿದ್ದೆವು. ದೀದಿ ತಿರುಗಿಸಿ ಹಿಡಿದರು. ನಮ್ಮ ಗಲ್ಲಿಯ ಬಾಯಲ್ಲಿ ಒಂದು ಬೀದಿ ನಲ್ಲಿ, ಅದನ್ನು ದಾಟಿದರೆ ಇಸ್ತ್ರಿಯವನ ಬಂಡಿ, ಅದನ್ನು ದಾಟಿದರೆ ನಮ್ಮ ಹಳದಿ ಬಾಗಿಲು. ಮೊದಲ ವಾರ ಬಂಡಿಯಿಂದ ಬಾಗಿಲಿಗೆ, ಅಷ್ಟೇ, ಮೂವತ್ತು ಹೆಜ್ಜೆ. ಎರಡನೆಯ ವಾರ ನಲ್ಲಿಯಿಂದ. ಆಮೇಲೆ ದೊಡ್ಡ ರಸ್ತೆಯಲ್ಲಿ ಆಟೋ ನಿಲ್ಲುವ ಜಾಗದಿಂದ. ಇದೇನು ತಿರುಗಾಮುರುಗಾ ಅಂತ ಅಪ್ಪ ಗೊಣಗಿದಾಗ ದೀದಿ ಹಿಂದಿಯಲ್ಲಿ ಹೇಳಿದ್ದನ್ನು ಕನ್ನಡಕ್ಕೆ ತಂದರೆ ಹೀಗಾಗುತ್ತದೆ: "ಕಾಕು, ಮನೆಯಿಂದ ಶುರು ಮಾಡಿದರೆ ಅವಳು ದಿನಾ ಅರ್ಧ ದಾರಿಯಲ್ಲಿ ಸೋಲಬೇಕು. ಕೊನೆಯಿಂದ ಶುರು ಮಾಡಿದರೆ ದಿನಾ ಮನೆ ಮುಟ್ಟುತ್ತಾಳೆ."

ಮಾತು ಇದೇ ಎಂದು ಆಣೆ ಮಾಡಲಾರೆ. ಇಷ್ಟು ಚೆನ್ನಾಗಿ ಹೇಳಿದ್ದರೋ, ಹೇಳಿ ಹೇಳಿ ನಾನೇ ನಯಗೊಳಿಸಿದೆನೋ.

ಅವರ ಬಳಿ ಗೆರೆ ಹಾಕಿದ ಒಂದು ಪುಸ್ತಕವಿತ್ತು. ಪ್ರತಿ ದಿನ, ಪ್ರತಿ ಘಟ್ಟಕ್ಕೆ, ಎಷ್ಟು ಸಹಾಯ ಬೇಕಾಯಿತು ಎಂದು ಪೆನ್ಸಿಲಿನಲ್ಲಿ ಬರೆಯುತ್ತಿದ್ದರು. 'ಕೈ' ಎಂದರೆ ಹಿಡಿದು ನಡೆಸಿದ್ದು. 'ಮಾತು' ಎಂದರೆ ಹೇಳಿದ್ದು. 'ಕಣ್ಣು' ಎಂದರೆ ದೂರದಿಂದ ಬರೀ ತಲೆಯಾಡಿಸಿದ್ದು. ಯಾವುದೂ ಬೇಕಾಗದಿದ್ದರೆ ಅಡ್ಡ ಗೆರೆ. ಆ ಗೆರೆ ಎಳೆಯುವುದಕ್ಕೇ ನನಗೆ ಸಂಬಳ ಎನ್ನುತ್ತಿದ್ದರು.

ಕೈ ಬಿಟ್ಟ ಮೇಲೆ ಅವರು ಅಕ್ಕನ ಹಿಂದೆ ಇಪ್ಪತ್ತು ಹೆಜ್ಜೆ ಅಂತರದಲ್ಲಿ ನಡೆಯುತ್ತಿದ್ದರು. ಒಂದು ದಿನ ನಾನು ಬೇಗ ಮನೆಗೆ ಬರುತ್ತಿದ್ದಾಗ ಕಂಡದ್ದು: ಅಕ್ಕ ನಲ್ಲಿಯ ಮುಂದೆ ನಿಂತುಬಿಟ್ಟಿದ್ದಾಳೆ. ಯಾರೋ ಸ್ನಾನ ಮಾಡುತ್ತಿದ್ದರು, ಪಕ್ಕದಲ್ಲಿ ಹಾಯಲು ಅವಳಿಗೆ ಭಯ. ದೀದಿ ಹಿಂದೆ ಗೋಡೆಗೆ ಒರಗಿ ಮುರಿ ತಿನ್ನುತ್ತಿದ್ದಾರೆ. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ಪಾಡಾದ, ಅಂದರೆ ನಮ್ಮ ಓಣಿಯ, ಹಿರಿಯರೊಬ್ಬರು ಬಂದು, ನೀನೆಂಥ ಹೆಂಗಸು, ಹುಡುಗಿ ಅಳುತ್ತಿದ್ದಾಳೆ, ನೀನು ತಿನ್ನುತ್ತಾ ನಿಂತಿದ್ದೀಯ ಎಂದು ಬೈದರು. ನಾನು ಕೆಲಸದಲ್ಲಿದ್ದೇನೆ ದಾದಾ ಎಂದರು ದೀದಿ, ಮುರಿಯ ಪೊಟ್ಟಣವನ್ನು ಅವರ ಮುಂದೆ ಚಾಚಿ. ನಾನು ಓಡಿಹೋಗಿ ಅಕ್ಕನ ಕೈ ಹಿಡಿಯಬೇಕೆಂದು ಹೊರಟೆ. ದೀದಿ ನನ್ನ ಅಂಗಿಯ ತೋಳು ಹಿಡಿದರು.

"ಓಕೆ ಕೊರ್ತೆ ದಾವ್." ಅವಳೇ ಮಾಡಲಿ ಬಿಡು.

ಇದು ಅವರು ಹೆಚ್ಚಾಗಿ ಆಡುತ್ತಿದ್ದ ಮಾತು. ಸ್ನಾನ ಮಾಡುತ್ತಿದ್ದವನು ಕೊನೆಗೆ ಬಕೆಟ್ ಎತ್ತಿಕೊಂಡು ಹೋದ. ಅಕ್ಕ ಕಣ್ಣೊರೆಸಿಕೊಂಡು ಮುಂದೆ ನಡೆದಳು. ನಡೆಯುವ ಮೊದಲು ಒಂದು ಸಲ ಹಿಂದೆ ತಿರುಗಿ ನೋಡಿದಳು. ದೀದಿ ಪುಸ್ತಕ ತೆಗೆದು 'ಕಣ್ಣು' ಎಂದು ಬರೆದರು. ನಾನು ಗೆರೆ ಹಾಕಬಹುದಿತ್ತಲ್ಲ ಎಂದೆ. ದೀದಿ ಒಪ್ಪಲಿಲ್ಲ. ಅವಳು ನೋಡಿದಳು, ನಾನು ತಲೆಯಾಡಿಸಿದೆ, ಸುಳ್ಳು ಬರೆದರೆ ನಾಳೆ ಅವಳೇ ಕಳೆದುಹೋಗುತ್ತಾಳೆ ಎಂದರು.

ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ನಾನಂತೂ ಇಟ್ಟುಕೊಂಡಿದ್ದೇನೆ.

ಪೂಜೆಗೆ ಎಂಟು ದಿನ ಉಳಿದಾಗ ಎಲ್ಲ ಘಟ್ಟಗಳಲ್ಲೂ ಗೆರೆ ಬಿದ್ದಿತ್ತು, ಆದರೆ ದೀದಿ ಹಿಂದಿನ ಸೀಟಿನಲ್ಲೋ ಹಿಂದಿನ ಆಟೋದಲ್ಲೋ ಇದ್ದೇ ಇರುತ್ತಿದ್ದರು. ನಾಳೆ ನಾನು ಬರುವುದಿಲ್ಲ, ಕೇಂದ್ರದ ಹತ್ತಿರ ಆಟೋ ಹತ್ತಿಸಿ ನನ್ನ ಮನೆಗೆ ಹೋಗುತ್ತೇನೆ ಎಂದರು. ನಾಳೆಯ ದಿನವೇ ಲೆಕ್ಕಕ್ಕೆ ಎಂದ ಅಪ್ಪ. ನಾನು ರಜೆ ಹಾಕಿ ಮನೆಯಲ್ಲಿ ಕೂತೆ.

ನಾಲ್ಕೂಕಾಲಿಗೆ ಬರಬೇಕು. ಐದಾಯಿತು. ಅಪ್ಪ ಚಪ್ಪಲಿ ಮೆಟ್ಟಿ ಹೊರಗೆ ಹೋದವನು ಎರಡೇ ನಿಮಿಷದಲ್ಲಿ ವಾಪಸ್ ಬಂದು ಬಾಗಿಲಲ್ಲಿ ನಿಂತ. ಗಲ್ಲಿಯ ಬಾಯಿ ಇರಲಿಲ್ಲ. ಮಧ್ಯಾಹ್ನ ಪೂಜೆ ನಡೆಸುವ ಕ್ಲಬ್ಬಿನವರು ಪೆಂಡಾಲಿನ ಬಿದಿರಿಗೆ ಕೆಂಪು ಬಟ್ಟೆ ಸುತ್ತಿ ಅತ್ತಿಂದಿತ್ತ ಮುಚ್ಚಿಬಿಟ್ಟಿದ್ದರು. ನಲ್ಲಿ ಬಟ್ಟೆಯ ಒಳಗೆ. ಇಸ್ತ್ರಿಯವನು ಬಂಡಿ ತಳ್ಳಿಕೊಂಡು ಎಲ್ಲಿಗೋ ಹೋಗಿದ್ದ. ಇನ್ನು ಪೂಜೆ ಮುಗಿಯುವವರೆಗೆ ಎಲ್ಲರೂ ಸುತ್ತು ಹಾಕಿ ಹಿಂದಿನ ಗಲ್ಲಿಯಿಂದ ಬರಬೇಕು.

ಇದು ಪ್ರತಿ ವರ್ಷ ಆಗುವುದೇ. ಬಿದಿರು ಒಂದು ತಿಂಗಳಿಂದ ಅಲ್ಲೇ ನಿಂತಿತ್ತು, ಅಕ್ಕ ಮತ್ತು ದೀದಿ ದಿನಾ ಅದರ ಕೆಳಗೇ ನಡೆದು ಬರುತ್ತಿದ್ದರು. ನಮಗೆ ಯಾರಿಗೂ ಹೊಳೆಯಲಿಲ್ಲ. ಆ ಹತ್ತು ಹನ್ನೆರಡು ದಿನ ನಮ್ಮ ಕಾಲುಗಳು ತಾವಾಗಿಯೇ ಹಿಂದಿನ ಗಲ್ಲಿಗೆ ತಿರುಗುತ್ತವೆ, ತಿರುಗಿದ್ದು ನಮಗೇ ಗೊತ್ತಾಗುವುದಿಲ್ಲ. ಇಲ್ಲೇ ಹುಟ್ಟಿದ ದೀದಿಗಂತೂ ಪೆಂಡಾಲು ಮಳೆ ಬಿಸಿಲಿನ ಹಾಗೆ. ಹೊರಗಿನವರಾದ ನಾವಾದರೂ ನೆನಪಿಸಬೇಕಿತ್ತು. ಮೂವತ್ತು ವರ್ಷದಲ್ಲಿ ನಾವೂ ಹೊರಗಿನವರಾಗಿ ಉಳಿದಿರಲಿಲ್ಲವೇನೋ.

ಅಕ್ಕನ ಕೊರಳಿಗೆ ತೂಗುಹಾಕಿದ್ದ ಫೋನು ಆಫ್ ಆಗಿತ್ತು. ರಿಂಗಾದರೆ ಹೆದರಿ ಅವಳೇ ಆರಿಸುತ್ತಿದ್ದಳು. ಅಪ್ಪ ದೊಡ್ಡ ರಸ್ತೆಯ ಕಡೆ ಓಡಿದ. ನಾನು ದೀದಿಗೆ ಫೋನ್ ಮಾಡಿದೆ. ಬೇಗ ಎತ್ತಿದರು. ಪೆಂಡಾಲಿನ ಸುದ್ದಿ ಹೇಳಿದೆ. ಫೋನಿನಲ್ಲಿ ಅವರ ಹಿಂದೆ ಯಾರೋ ಮೈಕಿನಲ್ಲಿ ಹಲೋ, ಹಲೋ, ಒನ್ ಟು ಥ್ರೀ ಎನ್ನುತ್ತಿದ್ದರು. ನಮ್ಮ ಕ್ಲಬ್ಬಿನವರೂ ಆಗ ಮೈಕ್ ಪರೀಕ್ಷೆ ಮಾಡುತ್ತಿದ್ದರು. ಆದರೆ ಪೂಜೆಗೆ ಮುಂಚಿನ ವಾರದಲ್ಲಿ ಈ ಊರಿನ ಯಾವ ಪಾಡಾದಲ್ಲಿ ಮಾಡುವುದಿಲ್ಲ? ಎಲ್ಲಿದ್ದೀರಿ ಎಂದು ಕೇಳಿದೆ. ಮನೆಯಲ್ಲಿ ಎಂದರು. ನೀವು ಬಾಗಿಲ ಹತ್ತಿರ ಇರಿ, ಪೊಲೀಸರಿಗೆ ಹೇಳಲು ಇನ್ನೂ ಸ್ವಲ್ಪ ತಡೆಯಿರಿ ಎಂದರು.

ಆರೂಕಾಲು ಇರಬೇಕು. ಅವ್ವ ಪಾತ್ರೆ ತೊಳೆದ ನೀರು ಚೆಲ್ಲಲು ಅಡುಗೆಮನೆಯ ಹಿಂಬಾಗಿಲು ತೆಗೆದಳು. ಅದು ಹಿಂದಿನ ಗಲ್ಲಿಗೆ ತೆರೆಯುತ್ತದೆ, ಆದರೆ ಆ ಗಲ್ಲಿ ಹಿಡಿದು ಬಂದರೂ ನಾವು ಸುತ್ತಿ ಮುಂಬಾಗಿಲಿಗೇ ಹೋಗುತ್ತೇವೆ, ಆ ಬಾಗಿಲಿಂದ ಯಾರೂ ಬರುವುದಿಲ್ಲ. ಅಲ್ಲಿ ಅಕ್ಕ ನಿಂತಿದ್ದಳು. ತಟ್ಟಿರಲಿಲ್ಲ, ಸುಮ್ಮನೆ ನಿಂತಿದ್ದಳು, ಎಷ್ಟು ಹೊತ್ತಿನಿಂದಲೋ. ಒಂದು ಕಾಲಿನ ಮೊಣಕಾಲವರೆಗೆ ಮಣ್ಣು.

ಅವ್ವ ಅಲ್ಲೇ ಕೂತು ಅತ್ತಳು. ವಾಪಸ್ ಬಂದ ಅಪ್ಪ ಮಗಳ ಭುಜ ಹಿಡಿದು, "ಯಾರ್ ಕರ್ಕೊಂಡ್ ಬಂದ್ರವಾ?" ಎಂದು ಕೇಳಿದ.

"ದೀದಿ," ಅಂದಳು ಅಕ್ಕ. ಗಲ್ಲಿಯ ಕಡೆ ಕೈ ತೋರಿಸಿದಳು.

ನಾನು ಗಲ್ಲಿಯ ಕೊನೆಯವರೆಗೆ ಓಡಿದೆ. ಯಾರೂ ಇರಲಿಲ್ಲ. ಆದರೆ ಅಕ್ಕ ದಿನಾ ಹೇಳುತ್ತಿದ್ದುದೂ ಅದನ್ನೇ, ದಿನಾ ತೋರಿಸುತ್ತಿದ್ದುದೂ ಹಾಗೆಯೇ. ಮೂರು ತಿಂಗಳು ಅದು ನಿಜವೂ ಆಗಿತ್ತು.

ಮರುದಿನ ದೀದಿ ಬಂದರು. ಕೂರಲಿಲ್ಲ. ತಪ್ಪು ನನ್ನದು ಕಾಕು, ಹುಟ್ಟಿದಾಗಿನಿಂದ ನೋಡುತ್ತಿರುವ ಪೆಂಡಾಲು ನನಗೆ ಕಾಣಲಿಲ್ಲ ಎಂದರು. ಅಪ್ಪನಿಗೆ ಅದು ಬೇಕಾಗಿರಲಿಲ್ಲ. ಅವನು ಕೇಳಿದ್ದು ಒಂದೇ, ಅಕ್ಕ ಒಬ್ಬಳೇ ಬಂದಳೋ ಇಲ್ಲವೋ. ದೀದಿ ಅಕ್ಕನನ್ನು ನೋಡಿದರು. ಅಕ್ಕ ಮೇಜಿನ ಹತ್ತಿರ ಕೂತು ಗಿರ್ಮಿಟಿನಿಂದ ಶೇಂಗಾ ಆರಿಸಿ ತಿನ್ನುತ್ತಿದ್ದಳು.

"ಒಬ್ಬಳೇ," ಎಂದರು ದೀದಿ.

ಅಪ್ಪ ಬಹಳ ಹೊತ್ತು ಅವರ ಮುಖ ನೋಡಿದ. ಆಮೇಲೆ ಬೆಳಗಾವಿಯ ಅರ್ಜಿಯನ್ನು ಮಡಚಿ ಕಪಾಟಿನಲ್ಲಿಟ್ಟ. ಹರಿಯಲಿಲ್ಲ. ಇವತ್ತಿಗೂ ಅಲ್ಲೇ ಇದೆ. ಪೂಜೆಗೆ ಉಳಿದ ದಿನಗಳಲ್ಲಿ ದೀದಿ ಅಕ್ಕನಿಗೆ ಹಿಂದಿನ ಗಲ್ಲಿಯ ದಾರಿ ಕಲಿಸಿದರು, ಮತ್ತೆ ಕೊನೆಯಿಂದ, ಅಡುಗೆಮನೆಯ ಬಾಗಿಲಿಂದ ಶುರುಮಾಡಿ. ಆ ಬಾಗಿಲನ್ನು ಅವ್ವ ಈಗ ಸಂಜೆ ನಾಲ್ಕರಿಂದ ತೆಗೆದೇ ಇಡುತ್ತಾಳೆ, ಪೆಂಡಾಲು ಇರಲಿ ಬಿಡಲಿ.

ದೀದಿ ಹೋಗಿ ಎರಡು ವರ್ಷವಾಯಿತು. ಕಾಯಿಲೆಯಿತ್ತೆಂದು ನಮಗೆ ಹೇಳಿರಲಿಲ್ಲ. ಸುದ್ದಿ ತಡವಾಗಿ ತಿಳಿದು ಅಕ್ಕನನ್ನು ಕರೆದುಕೊಂಡು ದಕ್ಷಿಣೇಶ್ವರಕ್ಕೆ ಹೋದೆ. ಅವರ ಮನೆಯ ಮೆಟ್ಟಿಲ ಮೇಲೆ ನೀಲಿ ಪಟ್ಟಿಯ ಚಪ್ಪಲಿ ಇನ್ನೂ ಇದ್ದವು. ಬಗ್ಗಿ ತಿರುಗಿಸಿ ನೋಡಿದೆ. ಎರಡರಲ್ಲೂ ಪಿನ್ ಇರಲಿಲ್ಲ. ಬೇರೆ ಜೊತೆಯಿರಬಹುದು.

ಕೇಂದ್ರದವರು ಅಕ್ಕನ ಪುಸ್ತಕವನ್ನು ನಮಗೇ ಕೊಟ್ಟರು. ಅವಳು ಈಗಲೂ ಸಾಲ್ಟ್ ಲೇಕಿನಿಂದ ಒಬ್ಬಳೇ ಬರುತ್ತಾಳೆ. ನಲ್ಲಿಯ ಹತ್ತಿರ ಒಮ್ಮೆ ನಿಂತು ಹಿಂದೆ ತಿರುಗಿ ನೋಡಿ, ಆಮೇಲೆ ಮುಂದೆ ಬರುತ್ತಾಳೆ. ಯಾರ್ ಅದಾರ ಆಕೀಗೆ ಎಂಬ ಅಪ್ಪನ ಪ್ರಶ್ನೆಗೆ ಅಂದು ನಾನು ಕೊಡದ ಉತ್ತರವನ್ನು ಆ ಹೆಂಗಸು ಕೊಟ್ಟರು ಎಂದು ಕೆಲವು ಸಲ ಅನಿಸುತ್ತದೆ. ಕೆಲವು ಸಲ, ಉತ್ತರ ಕೊಟ್ಟವಳು ಅಕ್ಕನೇ, ನಾನು ಅವಳಿಂದ ಅದನ್ನು ಕಿತ್ತುಕೊಳ್ಳಲು ನೋಡುತ್ತಿದ್ದೇನೆ ಎಂದು ನಾಚಿಕೆಯಾಗುತ್ತದೆ.

ಪೆಂಡಾಲು ಮುಚ್ಚಿದ ಆ ದಿನದ ಪುಟದಲ್ಲಿ ಕೊನೆಯ ಘಟ್ಟದ ಮುಂದೆ ಅಡ್ಡ ಗೆರೆ ಇದೆ. ಗೆರೆಯ ಕೆಳಗೆ ಕಾಗದ ತೆಳುವಾಗಿದೆ, ಮೊದಲು ಬರೆದದ್ದನ್ನು ಒರೆಸಿದ್ದಾರೆ. ಪುಸ್ತಕದಲ್ಲಿ ಒರೆಸಿದ ಜಾಗಗಳು ಬೇರೆಯೂ ಇವೆ, ನಾಲ್ಕೋ ಐದೋ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದ್ದೇನೆ. ಬೆರಳು ಆಡಿಸಿ ನೋಡಿದ್ದೇನೆ. ಅಲ್ಲಿ ಮೊದಲು ಏನು ಬರೆದಿತ್ತು, 'ಕಣ್ಣು' ಎಂದೋ, ಬರೀ ಕೈತಪ್ಪೋ, ನನಗೆ ಗೊತ್ತಿಲ್ಲ.