ನೀರು ಕುಡಿಯುವ ಮರಳುಗಲ್ಲು

ಕಳಂಬೋಲಿಯ ಕಬ್ಬಿಣದ ಗೋದಾಮುಗಳ ನಡುವಿನ ನಮ್ಮ ತೈಲ ಕಂಪನಿಯ ಷೆಡ್ಡಿಗೆ ಮೊದಲ ದಿನ ಕಾಲಿಟ್ಟಾಗ ಮೈ ಜುಮ್ಮೆಂದಿತು. ನೆಲದಡಿ ನಾಲ್ಕು ಕಿಲೋಮೀಟರ್ ಆಳದಿಂದ ಕೊರೆದು ತೆಗೆದ ಮರಳುಗಲ್ಲಿನ ಉರುಳೆಗಳು ಉದ್ದುದ್ದ ಪೆಟ್ಟಿಗೆಗಳಲ್ಲಿ ಹೆಣಗಳಂತೆ ಮಲಗಿದ್ದವು. ಅಷ್ಟು ಆಳದ ಬಿಸಿಗೆ, ಭಾರಕ್ಕೆ ಮರಳಿನ ಕಣಗಳ ಸುತ್ತ ಹೊಸ ಸ್ಫಟಿಕ ಬೆಳೆದು ಕಲ್ಲಿನ ರಂಧ್ರಗಳು ಮುಚ್ಚಿಹೋಗುತ್ತವೆ. ಮುಚ್ಚದೆ ಉಳಿದ ಕಡೆ ತೈಲ, ಅನಿಲ ನಿಂತಿರಬಹುದು. ಆ ಕಡೆಯನ್ನು ಹುಡುಕುವುದೇ ನನ್ನ ಕೆಲಸ.

ಮೈಸೂರಿನಲ್ಲಿ ಬಾಯಿ ಮುಚ್ಚದ ನಾನು ಭಾಷೆ ಬಾರದ ಈ ಪರರಾಜ್ಯದಲ್ಲಿ ಮೂಕಿಯಾಗಿದ್ದೆ. ನೆರೂಳದ ಬಾಡಿಗೆ ಕೋಣೆಯ ಒಡತಿ ‘ಚಾವಿ’ ಎಂದಾಗ ಚಹಾ ಎಂದುಕೊಂಡು ಬೇಡವೆಂದೆ. ಆಕೆ ಕೊಡುತ್ತಿದ್ದದ್ದು ಬೀಗದ ಕೈ. ಆಫೀಸಿನಲ್ಲಿ ನನ್ನ ಹಿಂದಿ ಕೇಳಿ ನಕ್ಕರು. ಅಂದಿನಿಂದ ಹಟಕ್ಕೆ ಬಿದ್ದು ಎಲ್ಲರೊಂದಿಗೂ ಹಿಂದಿಯನ್ನೇ ಆಡಿದೆ.

ಷೆಡ್ಡಿನಲ್ಲಿ ಪೆಟ್ಟಿಗೆ ಹೊರುತ್ತಿದ್ದ ಹಣಮಂತಪ್ಪನವರೊಂದಿಗೂ. ಅವರು ಬಾದಾಮಿ ಕಡೆಯ, ಕಲ್ಲು ಒಡೆಯುವ ಮನೆತನದವರು. ಊಟದ ಹೊತ್ತಿಗೆ ನನ್ನ ಮೇಜಿನ ಪಕ್ಕದಲ್ಲೇ ಕೂತು ಊರಿನಲ್ಲಿದ್ದ ಹೆಂಡತಿಗೆ ಫೋನು ಮಾಡುತ್ತಿದ್ದರು. ಆಕೆಗೆ ಎರಡನೇ ಸಲವೂ ಬಸಿರು ನಿಂತಿರಲಿಲ್ಲ. ‘ಅಳಬ್ಯಾಡ, ನಾ ಅದೀನಲ್ಲ’ ಎನ್ನುತ್ತ ತಾವೇ ಅಳುತ್ತಿದ್ದರು. ನಾನು ಏನೂ ಅರ್ಥವಾಗದವಳಂತೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕೂರುತ್ತಿದ್ದೆ. ಅವರೊಂದಿಗೆ ಕನ್ನಡ ಆಡಿದರೆ ಆಫೀಸಿನವರು ನನ್ನನ್ನೂ ಪೆಟ್ಟಿಗೆ ಹೊರುವವರ ಸಾಲಿಗೇ ಸೇರಿಸಿಯಾರು ಎಂಬ ಅಂಜಿಕೆ ನನಗೆ.

ಒಂದು ದಿನ ಒದ್ದೆ ಬಟ್ಟೆಯಿಂದ ಕಲ್ಲು ಒರೆಸುತ್ತ ಅವರು ಜೊತೆಗಾರನಿಗೆ ಹೇಳಿದರು: ‘ಈ ಬಿಳೇದು ನೀರ ಕುಡ್ಯಾಂಗಿಲ್ಲ. ಆ ಹಸರ ಪಟ್ಟಿ ನೋಡು, ಹನಿ ಬಿದ್ದಕೂಡ್ಲೆ ಎಳಕೊಂತೈತಿ.’

ನಾನು ಬಿಳಿಯ ಭಾಗದಿಂದಷ್ಟೇ ಮಾದರಿ ತೆಗೆದಿದ್ದೆ. ಅಂದೇ ಹಸಿರು ಪಟ್ಟಿಯದನ್ನೂ ತೆಗೆಸಿದೆ. ನೋಡಿದರೆ ಅಲ್ಲಿ ಪ್ರತಿ ಕಣಕ್ಕೂ ಹಸಿರು ಜೇಡಿಯ ತೆಳುವಾದ ಪೊರೆ. ಆ ಪೊರೆ ಸ್ಫಟಿಕವನ್ನು ಬೆಳೆಯಗೊಟ್ಟಿರಲಿಲ್ಲ. ರಂಧ್ರಗಳು ತೆರೆದೇ ಇದ್ದವು. ಸಭೆಯಲ್ಲಿ ‘ನಾನು ಗಮನಿಸಿದೆ’ ಎಂದೆ. ಹಿರಿಯರು ಬಾಯ್ತುಂಬ ಹೊಗಳಿದರು.

ಮೂರನೆಯ ದಿನ, ಕಲ್ಲು ಒರೆಸುತ್ತಿದ್ದ ಹಣಮಂತಪ್ಪನವರ ಮುಂದೆ ಹೋಗಿ ನಿಂತೆ.

‘ಹಣಮಂತಪ್ಪನವರೇ, ಹಸಿರು ಪಟ್ಟಿ ನೋಡಿದ್ದು ನೀವು. ನಾನು ನೋಡಿದ್ದು ಅಂತ ಹೇಳ್ಕೊಂಡೆ. ತಪ್ಪಾಯ್ತು.’

ಅವರು ಬಟ್ಟೆ ಕೆಳಗಿಟ್ಟರು. ‘ನಿಮಗ ಕನ್ನಡ ಬರ್ತೈತೇನ್ರಿ?’

‘ಮೈಸೂರಿನವಳು.’

ಕಲ್ಲಿನ ಮಾತು ಅವರಿಗೆ ಬೇಕಿರಲಿಲ್ಲ. ‘ಅಂದ್ರ ನಾ ಫೋನಿನ್ಯಾಗ ಮಾತಾಡಿದ್ದೆಲ್ಲಾ ತಿಳೀತಿತ್ತೇನ್ರಿ?’

‘ತಿಳೀತಿತ್ತು’ ಎಂದೆ.

‘ಒಂದ ಮಾತ ಕೇಳಬೌದಿತ್ರಿ, ಅಕ್ಕಾರ. ಆಕಿ ಹೆಂಗದಾಳ ಅಂತ.’

ವರದಿ ತಿದ್ದಿ ಅವರ ಹೆಸರು ಸೇರಿಸಿದೆ. ಅವರು ಈಗ ಲಾರಿಗಳು ನಿಲ್ಲುವ ಕಡೆ ಹೋಗಿ, ಬಿಸಿಲಲ್ಲೇ ನಿಂತು ಫೋನು ಮಾಡುತ್ತಾರೆ.

ರಜೆಗೆ ಮೈಸೂರಿಗೆ ಹೋದರೆ ಮನೆಯವರು ‘ಅಲ್ಲಿ ನಮ್ಮವರು ಯಾರಾದರೂ ಇದ್ದಾರಾ?’ ಎಂದು ಕೇಳುತ್ತಾರೆ. ಇದ್ದಾರೆ ಎನ್ನುತ್ತೇನೆ. ‘ಅವರೂ ನಿನ್ನನ್ನು ನಮ್ಮವಳು ಅಂತಾರಾ?’ ಎಂದು ಮಾತ್ರ ಯಾರೂ ಕೇಳುವುದಿಲ್ಲ.