ಅಕ್ಕನ ಅಳತೆ

ನಮ್ಮ ಆರ್ಕೆಸ್ಟ್ರಾದ ಗಾಯಕಿಯನ್ನು ನಾವೆಲ್ಲ ಅಕ್ಕ ಎನ್ನುತ್ತಿದ್ದೆವು. ಗಣೇಶನ ಹಬ್ಬ ಬಂತೆಂದರೆ ಗೌರಿಬಿದನೂರು, ಶಿಡ್ಲಘಟ್ಟ, ಪೆರೇಸಂದ್ರ ಅಂತ ಮೆಟಡಾರಿನಲ್ಲಿ ಸುತ್ತಾಟ. ಮುಂದಿನ ಸೀಟು ಪೂರ್ತಿ ಅಕ್ಕನದು, ಅಷ್ಟು ದಪ್ಪ. ಊರು ತಲುಪಿ ನಾವು ಡ್ರಮ್ಮು ಜೋಡಿಸುವಾಗ ಅಕ್ಕ, ಜನ ಪೆಂಡಾಲಿನಿಂದ ಹೊರಹೋಗುವ ಹೊರದಾರಿಯಲ್ಲಿ ತಾವೇ ನಡೆದು ಅಗಲ ನೋಡುತ್ತಿದ್ದರು. "ನಾನು ತೂರಿದ್ರೆ ಊರೇ ತೂರುತ್ತೆ ಕಣಪ್ಪಾ!" ಎನ್ನುತ್ತಿದ್ದರು.

ಚಿಂತಾಮಣಿಯಲ್ಲೊಮ್ಮೆ ಗಣ್ಯರ ಸೋಫಾಗಳು ಹೊರದಾರಿಯನ್ನೇ ನುಂಗಿದ್ದವು. ಅಕ್ಕ ಸೋಫಾಕ್ಕೂ ಬಿದಿರ ಗಳಕ್ಕೂ ನಡುವೆ ಸಿಕ್ಕಿಕೊಂಡರು. ಜನ ಶಿಳ್ಳೆ ಹೊಡೆದರು.

"ಸೈಡಾಗಿ ಬನ್ನಿ ಮೇಡಂ" ಎಂದರು ಗಣೇಶ ಸಂಘದ ಅಧ್ಯಕ್ಷರು.

"ಬೆಂಕಿ ಬಿದ್ರೆ ಜನ ಸೈಡಾಗಿ ಓಡ್ತಾರೇನಪ್ಪಾ? ಸೋಫಾ ತೆಗೀರಿ, ಇಲ್ದಿದ್ರೆ ಹಾಡಲ್ಲ."

ಗೊಣಗುತ್ತಲೇ ತೆಗೆದರು.

ಕಾರ್ಯಕ್ರಮದ ನಡುವೆ ಜನರೇಟರಿನ ಕಿಡಿಗೆ ಶಾಮಿಯಾನದ ಅಂಚು ಹೊತ್ತಿಕೊಂಡಿತು, ಮೈಕೂ ಸತ್ತಿತು. ಅಕ್ಕ ಬರಿಗಂಟಲಲ್ಲಿ, ಹಾಡುತ್ತಿದ್ದ ಹಾಡಿನ ಧಾಟಿಯಲ್ಲೇ, "ನಿಧಾನಕ್ಕೆ ನಡೀರಪ್ಪಾ, ಮಕ್ಕಳ್ನ ಎತ್ಕೊಳ್ರಪ್ಪಾ" ಎಂದು ಹಾಡತೊಡಗಿದರು. ಗಾಬರಿಬಿದ್ದ ಜನ ನಗುತ್ತ ಹೊರನಡೆದರು. ಯಾರ ಚಪ್ಪಲಿಯೂ ಕಳೆಯಲಿಲ್ಲ. ಕೊನೆಗೆ ಅಕ್ಕ, ಯಾರದೋ ಮಗುವನ್ನು ಕಂಕುಳಲ್ಲಿಟ್ಟುಕೊಂಡು, ನೆಟ್ಟಗೆ ನಡೆದು ಬಂದರು.

ಊಟಕ್ಕೆ ಅಧ್ಯಕ್ಷರೇ ನಿಂತು ಬಡಿಸಿದರು. ಮುದ್ದೆ ಸಾಕಾ ಎಂದು ಕೇಳಿದ್ದಕ್ಕೆ ಅಕ್ಕ ತಟ್ಟೆ ಮುಂದೆ ಸರಿಸಿದರು.

"ಇನ್ನೊಂದು ಹಾಕಪ್ಪಾ. ನಾನು ಸಣ್ಣಗಾದ್ರೆ ಜನರ ದಾರೀನೂ ಸಣ್ಣಗಾಗುತ್ತೆ."