ಶರ್ಮಾಜಿ ಬರೆದ ಷರಾ

"ನಿಮ್ಮ ಷರಾ ಯಾರಿಗೂ ಬೇಡ ಶರ್ಮಾಜಿ, ಆ ಕಾಲಂ ಅಳಿಸಿ ಕಳಿಸಿ" ಎಂದು ಫೋನಿನಲ್ಲಿ ದಬಾಯಿಸಿದವಳು ಸಾಕ್ಷಾತ್ ನಾನೇ. ತಪ್ಪು ಮೊದಲೇ ಒಪ್ಪಿಕೊಂಡರೆ ಬೈಗುಳ ಕಡಿಮೆ ನೋಡಿ.

ನಮ್ಮದು ಕಾರಿನ ಬಿಡಿಭಾಗ ಮಾಡುವ ಕಂಪನಿ. ಮೂರು ಫ್ಯಾಕ್ಟರಿ, ಮೂರು ಅಕೌಂಟ್ಸ್ ವಿಭಾಗ. ಎಲ್ಲವನ್ನೂ ಗುರುಗ್ರಾಮದ ಹೆಡ್ ಆಫೀಸಿಗೆ ತಂದು ಒಂದೇ ಫೈನಾನ್ಸ್ ಟೀಮ್ ಮಾಡುವ ಕೆಲಸ ಈ ವರ್ಷ ನನ್ನ ತಲೆಗೆ ಬಿತ್ತು. ಇನ್ನು ಬೇಡವಾದ ಹುದ್ದೆಗಳ ಪಟ್ಟಿಯಲ್ಲಿ ಮಾನೇಸರ್ ಫ್ಯಾಕ್ಟರಿಯ ಗುಮಾಸ್ತ ಶರ್ಮಾಜಿಯವರದೂ ಇತ್ತು. (ಪಟ್ಟಿ ಮಾಡಿದವಳೂ ನಾನೇ.)

ಆಸಾಮಿ ಪ್ರತಿ ಬಿಲ್ಲಿನ ಪಕ್ಕ ಏನಾದರೊಂದು ಬರೆಯುತ್ತಿದ್ದರು. "ಸರಕು ಒದ್ದೆಯಾಗಿ ಬಂತು." "ಈ ಬೆಲ್ಟ್ ಎರಡೇ ತಿಂಗಳಿಗೆ ಹರಿಯಿತು, ಇವರ ಬಳಿ ಮತ್ತೆ ಕೊಳ್ಳಬಾರದು." ಹನ್ನೊಂದು ವರ್ಷದ ಗೊಣಗಾಟ! ನನ್ನ ಚೆಂದದ ಹೊಸ ಶೀಟಿನಲ್ಲಿ ಅದಕ್ಕೆಲ್ಲಿ ಜಾಗ?

"ಅಚ್ಛಾ ಮೇಡಂ ಜಿ. ಒಂದ್ಸಲ ಓದಿಬಿಡಿ, ಅಷ್ಟೇ" ಎಂದರು ಪಾಪ. ಓದಲಿಲ್ಲ. ನಾವೆಲ್ಲ ಬಿಜಿ ಅಲ್ಲವೇ?

ಮೂರೂ ಕಡೆಯ ಬಿಲ್ಲು ಒಂದೇ ಶೀಟಿಗೆ ಬಂದಾಗ ಒಂದು ವಿಚಿತ್ರ ಕಂಡಿತು. ಉಳಿದೆರಡು ಫ್ಯಾಕ್ಟರಿಗಳು ಎರಡೆರಡು ತಿಂಗಳಿಗೆ ಮೆಷಿನ್ ಬೆಲ್ಟ್ ಕೊಳ್ಳುತ್ತಿದ್ದವು. ಮಾನೇಸರ್ ಮಾತ್ರ ವರ್ಷಕ್ಕೊಮ್ಮೆ. ಬಾಸ್ "ಯಾಕೆ?" ಅಂದರು. ನಾನು ಶೀಟನ್ನು ಮೇಲೆ ಕೆಳಗೆ ತಡಕಾಡಿದೆ.

ಉತ್ತರ ಇದ್ದರೆ ನಾನೇ ಅಳಿಸಲು ಹೇಳಿದ ಆ ಕಾಲಮ್ಮಿನಲ್ಲೇ. ಕ್ಯಾಬ್ ಹಿಡಿದು ಮಾನೇಸರ್‌ಗೆ ಓಡಿದೆ.

"ನಿಮ್ಮ ಕಂಪ್ಯೂಟರಿನಲ್ಲೂ ಅಳಿಸಿಬಿಟ್ರಾ ಶರ್ಮಾಜಿ?"

"ಇಲ್ಲ ಮೇಡಂ ಜಿ. ನೀವಿನ್ನೂ ಓದಿಲ್ಲವಲ್ಲ" ಎಂದು ಚಹಾದ ಲೋಟ ನನ್ನತ್ತ ಸರಿಸಿದರು. ಬೈದಿದ್ದರೆ ವಾಸಿಯಿತ್ತು, ನಾಚಿಕೆಯಿಂದ ಮುದುಡಿಹೋದೆ.

ಹರಿಯುವ ಬೆಲ್ಟನ್ನು ಅವರ ಮಾತು ಕೇಳಿ ಮಾನೇಸರ್ ಎಂದೋ ಬಿಟ್ಟಿತ್ತು. ಉಳಿದವರು ಅಗ್ಗವೆಂದು ಅದನ್ನೇ ತರುತ್ತಿದ್ದರು. ಒಬ್ಬರ ಅನುಭವ ಇನ್ನೊಬ್ಬರಿಗೆ ಮುಟ್ಟುವುದಾದರೂ ಹೇಗೆ? ಈಗ ಎಲ್ಲ ಒಂದೆಡೆ ಸೇರಿದೆ, ಮೂರೂ ಕಡೆ ಗಟ್ಟಿ ಬೆಲ್ಟ್ ಬಂದಿದೆ. ಶರ್ಮಾಜಿಯ ಗೊಣಗಾಟಕ್ಕೆ ಬಾಸ್ ಇಟ್ಟ ಹೊಸ ಹೆಸರು ಕೇಳಿ: ಡೇಟಾ ಅಸೆಟ್!

ಪಟ್ಟಿಯಿಂದ ಅವರ ಹೆಸರನ್ನು ಕೈಯಾರೆ ಹೊಡೆದುಹಾಕಿದೆ. ಈಗ ವಾರಕ್ಕೆರಡು ದಿನ ಗುರುಗ್ರಾಮಕ್ಕೆ ಬಂದು ನಮ್ಮ ಟೀಮಿಗೆ ಷರಾ ಬರೆಯುವುದನ್ನು ಕಲಿಸುತ್ತಾರೆ. ಕಿದ್ವಾಯಿ ನಗರದ ಮನೆಯಲ್ಲಿ ಇದನ್ನೆಲ್ಲ ಹೇಳಿದರೆ ಮಗಳು, "ಅಮ್ಮಾ, ಯು ವರ್ ಸೋ ರೂಡ್ ಯಾರ್!" ಎಂದು ತೀರ್ಪು ಕೊಟ್ಟಳು. ಅಪೀಲಿಗೆ ಹೋಗಲಿಲ್ಲ.

ನೀವೂ ಯಾರನ್ನೋ ಮನೆಗೆ ಕಳಿಸುವ ಪಟ್ಟಿ ಹಿಡಿದು ಕೂತಿದ್ದೀರಾ? ಅವರು ಬರೆದಿದ್ದನ್ನು ಒಮ್ಮೆಯಾದರೂ ಓದಿದ್ದೀರಾ?